ದಮ್ಮು ಮೋಟಾರಿನದು, ಮಂಡಿ ನಮ್ಮದೇ

ಬೆಟ್ಟದ ಕಚ್ಚಾ ದಾರಿಗಳಲ್ಲಿ ಸೈಕಲ್ ತುಳಿಯುವ ಹವ್ಯಾಸವನ್ನು ಇಪ್ಪತ್ತರ ಹರೆಯದಲ್ಲಿ ಹಚ್ಚಿಕೊಂಡು, ಆಮೇಲೆ ನೌಕರಿ, ಸಂಸಾರಗಳ ನಡುವೆ ಕೈಬಿಟ್ಟು, ಐವತ್ತರ ಹೊಸ್ತಿಲಲ್ಲಿ ಮತ್ತೆ ಮೌಂಟನ್ ಬೈಕ್ ಹತ್ತಿದವರನ್ನು ಮೊದಲು ಸೋಲಿಸುವುದು ಏರು. ಸಮತಟ್ಟಾದ ರಸ್ತೆಯಲ್ಲಿ ಆಯಾಸವಾದರೆ ನಿಧಾನವಾಗಿ ತುಳಿದರಾಯಿತು. ಏರುದಾರಿಯಲ್ಲಿ ಆ ಸ್ವಾತಂತ್ರ್ಯಕ್ಕೆ ಒಂದು ಮಿತಿಯಿದೆ. ವೇಗವು ಗಂಟೆಗೆ ಐದಾರು ಕಿಲೋಮೀಟರಿಗಿಂತ ಕೆಳಗಿಳಿದರೆ ಕಲ್ಲು, ಬೇರುಗಳ ನಡುವೆ ಸೈಕಲನ್ನು ನೆಟ್ಟಗೆ ನಿಲ್ಲಿಸಿಕೊಳ್ಳುವುದೇ ಕಷ್ಟವಾಗುತ್ತದೆ. ಹಾಗಾಗಿ ಎಷ್ಟು ಶಕ್ತಿ ಹಾಕಬೇಕು ಎಂಬುದನ್ನು ಅಲ್ಲಿ ನಿರ್ಧರಿಸುವುದು ಸವಾರನಲ್ಲ, ಬೆಟ್ಟ.

ಲೆಕ್ಕ ಸರಳವಾಗಿದೆ. 75 ಕೆ.ಜಿ. ತೂಕದ ಸವಾರ 13 ಕೆ.ಜಿ. ತೂಕದ ಸೈಕಲ್ ಮೇಲೆ, ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ, ಗಂಟೆಗೆ 6 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದಾನೆ ಎಂದುಕೊಳ್ಳೋಣ. ಗುರುತ್ವಾಕರ್ಷಣೆಯ ವಿರುದ್ಧ ಮೇಲೇರಲು ಸುಮಾರು 143 ವ್ಯಾಟ್, ಮಣ್ಣಿನ ದಾರಿಯಲ್ಲಿ ಟಯರು ಉರುಳಲು ಇನ್ನೊಂದು 30 ವ್ಯಾಟ್ ಬೇಕು. ಒಟ್ಟು 170ರ ಆಸುಪಾಸು. ವರ್ಷಗಟ್ಟಲೆ ವ್ಯಾಯಾಮ ಬಿಟ್ಟಿರುವ ಈ ಸವಾರನ ದೇಹ ನಿಮಿಷಕ್ಕೆ ಹೆಚ್ಚೆಂದರೆ 2.5 ಲೀಟರ್ ಆಮ್ಲಜನಕವನ್ನು ಬಳಸಬಲ್ಲದು ಎಂದಾದರೆ, ಸ್ನಾಯುಗಳು ಆ ಆಮ್ಲಜನಕದಿಂದ ಪಡೆಯುವ ಶಕ್ತಿಯಲ್ಲಿ ಕಾಲುಭಾಗಕ್ಕಿಂತ ಕಡಿಮೆ ಮಾತ್ರ ಪೆಡಲಿಗೆ ತಲುಪುವುದರಿಂದ, ಅವನ ಗರಿಷ್ಠ ಸಾಮರ್ಥ್ಯ 190 ವ್ಯಾಟಿನ ಹತ್ತಿರ ನಿಲ್ಲುತ್ತದೆ. ಅಂದರೆ ಬೆಟ್ಟವು ಕೇಳುವ ಕನಿಷ್ಠವೇ ಅವನ ಗರಿಷ್ಠದ ಹತ್ತರಲ್ಲಿ ಒಂಬತ್ತು ಪಾಲು. ಇಂಥ ದುಡಿಮೆಯನ್ನು ಕೆಲವೇ ನಿಮಿಷ ತಾಳಬಹುದು. ಅದಾದ ಮೇಲೆ ಏದುಸಿರು, ತೊಡೆಯ ಉರಿ, ಕೊನೆಗೆ ಸೈಕಲನ್ನು ತಳ್ಳಿಕೊಂಡು ನಡೆಯುವುದು.

ಇದೇ ದಾರಿಗೆ ಇ-ಬೈಕನ್ನು, ಅಂದರೆ ತುಳಿಯುವವನಿಗೆ ಬ್ಯಾಟರಿಯ ಮೋಟಾರೊಂದು ನೆರವಾಗುವ ಸೈಕಲನ್ನು, ತಂದರೆ ಸೈಕಲಿನ ತೂಕ 24 ಕೆ.ಜಿ.ಯಷ್ಟಾಗಿ, ಬೇಕಾಗುವ ಒಟ್ಟು ಶಕ್ತಿಯೂ ಸುಮಾರು 193 ವ್ಯಾಟಿಗೆ ಏರುತ್ತದೆ. ಆದರೆ ಅದರ ಅರ್ಧವನ್ನು ಮೋಟಾರು ಕೊಟ್ಟರೆ ಸವಾರನ ಪಾಲಿಗೆ ಉಳಿಯುವುದು ನೂರಕ್ಕಿಂತ ಕಡಿಮೆ, ಅಂದರೆ ಅವನ ಗರಿಷ್ಠದ ಅರ್ಧದಷ್ಟು. ಮಾತನಾಡುತ್ತಾ ತುಳಿಯಬಹುದಾದ ಹದವದು. ಮೋಟಾರಿನ ಕೊಡುಗೆಯನ್ನು ಆರಾಮ ಎಂದು ಕರೆಯುವವರು ಈ ಅಂಶವನ್ನು ಗಮನಿಸುವುದಿಲ್ಲ. ಅದು ನಿಜವಾಗಿ ಕೊಡುವುದು ಆಯ್ಕೆಯನ್ನು: ಎಷ್ಟು ಕಷ್ಟಪಡಬೇಕು ಎಂಬ ತೀರ್ಮಾನ ಬೆಟ್ಟದ ಕೈಯಿಂದ ಮರಳಿ ಸವಾರನ ಕೈಗೆ ಬರುತ್ತದೆ.

ತುಳಿದಾಗ ಮಾತ್ರ ನೆರವಾಗುವ ಈ ಏರ್ಪಾಟನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಯಮಹಾ ಸಂಸ್ಥೆ, 1993ರಲ್ಲಿ. ಇಂದಿನ ಬೆಟ್ಟದ ಇ-ಬೈಕುಗಳಲ್ಲಿ ಮೋಟಾರು ಪೆಡಲಿನ ಅಚ್ಚಿನ ಸುತ್ತಲೇ ಕುಳಿತಿರುತ್ತದೆ. ಸವಾರನ ಬಲದಂತೆ ಮೋಟಾರಿನ ಬಲವೂ ಸರಪಳಿ ಮತ್ತು ಗೇರುಗಳ ಮೂಲಕವೇ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಅಚ್ಚಿನಲ್ಲಿರುವ ಸಂವೇದಕವು ಕಾಲು ಎಷ್ಟು ಬಲವಾಗಿ ಒತ್ತುತ್ತಿದೆ ಎಂಬುದನ್ನು ಸೆಕೆಂಡಿಗೆ ನೂರಾರು ಬಾರಿ ಅಳೆದು, ಅದಕ್ಕೆ ತಕ್ಕ ಪ್ರಮಾಣದಲ್ಲಿ ಮೋಟಾರನ್ನು ದುಡಿಸುತ್ತದೆ. ಕಾಲು ನಿಂತರೆ ಮೋಟಾರೂ ನಿಲ್ಲುತ್ತದೆ. ಯುರೋಪಿನ ಕಾನೂನು ಇದರ ನಿರಂತರ ಸಾಮರ್ಥ್ಯವನ್ನು 250 ವ್ಯಾಟಿಗೂ ನೆರವಿನ ವೇಗವನ್ನು ಗಂಟೆಗೆ 25 ಕಿ.ಮೀ.ಗೂ ಮಿತಿಗೊಳಿಸಿದೆ. ಇವೇ ಎರಡು ಸಂಖ್ಯೆಗಳು ಭಾರತದ ನಿಯಮಗಳಲ್ಲಿಯೂ ಗಡಿರೇಖೆಯಾಗಿರುವುದರಿಂದ ಅದರೊಳಗಿನ ಇ-ಸೈಕಲ್ಲಿಗೆ ನಮ್ಮಲ್ಲಿ ನೋಂದಣಿ ಬೇಕಿಲ್ಲ. ಕಡಿದಾದ ಏರಿನಲ್ಲಿ 25ರ ಮಿತಿ ಯಾರಿಗೂ ತೊಡಕಾಗದು. ಅಷ್ಟು ವೇಗ ಅಲ್ಲಿ ಬರುವುದೇ ಇಲ್ಲ.

ಹಾಗಾದರೆ ಇದು ವ್ಯಾಯಾಮವೇ ಎಂಬ ಪ್ರಶ್ನೆಗೆ ಅಳತೆಗಳು ಸಾಕಷ್ಟು ಸ್ಪಷ್ಟವಾದ ಉತ್ತರ ಕೊಟ್ಟಿವೆ. ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು 33 ಅನುಭವಿ ಸವಾರರನ್ನು ಒಂದೇ ಬೆಟ್ಟದ ದಾರಿಯಲ್ಲಿ ಸಾಮಾನ್ಯ ಮೌಂಟನ್ ಬೈಕಿನಲ್ಲಿಯೂ ಇ-ಬೈಕಿನಲ್ಲಿಯೂ ಓಡಿಸಿ ನೋಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಇ-ಬೈಕಿನ ಮೇಲೆ ಹೃದಯ ಬಡಿತದ ಸರಾಸರಿಯು ಸಾಮಾನ್ಯ ಸೈಕಲ್ಲಿನದರ ಶೇ 94ರಷ್ಟಿತ್ತು. ಆದರೂ ಇ-ಬೈಕಿನಲ್ಲಿ ತಮಗೆ ಆಯಾಸ ಬಹಳ ಕಡಿಮೆಯಾಯಿತು ಎಂದೇ ಸವಾರರು ಹೇಳಿದರು. ಇವರೆಲ್ಲ ಪಳಗಿದವರು, ನೆರವು ಸಿಕ್ಕೊಡನೆ ವೇಗ ಹೆಚ್ಚಿಸಿಕೊಂಡವರು ಎಂಬುದನ್ನು ಮರೆಯಬಾರದು. ಪಳಗದವರ ವಿಷಯದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ 2016ರ ಅಧ್ಯಯನ ಹೆಚ್ಚು ಉಪಯುಕ್ತ. ವ್ಯಾಯಾಮದ ರೂಢಿಯಿಲ್ಲದ 20 ಮಂದಿ ಒಂದು ತಿಂಗಳ ಕಾಲ, ವಾರಕ್ಕೆ ಮೂರು ದಿನ, ನಲವತ್ತು ನಿಮಿಷಗಳಂತೆ ಇ-ಬೈಕ್ ತುಳಿದದ್ದಕ್ಕೇ ಅವರ ಆಮ್ಲಜನಕ ಬಳಕೆಯ ಸಾಮರ್ಥ್ಯವೂ ರಕ್ತದ ಸಕ್ಕರೆಯ ನಿಯಂತ್ರಣವೂ ಸುಧಾರಿಸಿದ್ದವು.

ಏರಿಗೆ ಮೋಟಾರು ಬಳಸುವುದು ಈ ಕ್ರೀಡೆಗೆ ಮಾಡುವ ಮೋಸ ಎಂಬ ಮಾತನ್ನು ಅದರ ಇತಿಹಾಸವೇ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಆರಂಭವಾಗಿ ಈ ಕ್ರೀಡೆಗೆ ನಾಂದಿ ಹಾಡಿದ ರಿಪ್ಯಾಕ್ ಪಂದ್ಯಗಳು ಸುಮಾರು 400 ಮೀಟರಿನಷ್ಟು ಕೆಳಗಿಳಿಯುವ ಮಣ್ಣಿನ ದಾರಿಯಲ್ಲಿ ನಡೆಯುತ್ತಿದ್ದವು. ಗೇರಿಲ್ಲದ, ಇಪ್ಪತ್ತು ಕೆ.ಜಿ. ತೂಗುವ ಹಳೆಯ ಸೈಕಲ್ಲುಗಳನ್ನು ಅಲ್ಲಿ ಸ್ಪರ್ಧಿಸುತ್ತಿದ್ದ ಹುಡುಗರು ಮೇಲಕ್ಕೆ ಸಾಗಿಸುತ್ತಿದ್ದುದು ತಳ್ಳಿಕೊಂಡು, ಇಲ್ಲವೇ ಪಿಕಪ್ ಟ್ರಕ್ಕಿನಲ್ಲಿ ಹೇರಿಕೊಂಡು. ಆಲ್ಪ್ಸ್ ಪರ್ವತಗಳಲ್ಲಿ ಇಂದಿಗೂ ಬೇಸಿಗೆಯಲ್ಲಿ ಹಿಮಜಾರಾಟದ ತೂಗುಬಂಡಿಗಳು ಸೈಕಲ್ಲುಗಳನ್ನು ಶಿಖರಕ್ಕೆ ಒಯ್ಯುತ್ತವೆ. ಟ್ರಕ್ಕಿಗೂ ತೂಗುಬಂಡಿಗೂ ಇಲ್ಲದ ಮೈಲಿಗೆ ಪೆಡಲಿನ ಮೋಟಾರಿಗೆ ಮಾತ್ರ ಏಕೆ ಅಂಟಬೇಕೋ ತಿಳಿಯದು.

ಮೋಟಾರಿನ ನೆರವು ಎಷ್ಟು ಕಾಲ ಬೇಕಾದೀತು ಎಂಬ ಪ್ರಶ್ನೆಗೆ ವೈದ್ಯಕೀಯದ ಒಂದು ಹಳೆಯ ಪ್ರಯೋಗ ಅನಿರೀಕ್ಷಿತವಾದ ಭರವಸೆ ಕೊಡುತ್ತದೆ. 1966ರಲ್ಲಿ ಅಮೆರಿಕದ ಡಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿ, ಬಳಿಕ ಎಂಟು ವಾರ ಕಠಿಣ ತರಬೇತಿ ಕೊಟ್ಟು, ಅವರ ಹೃದಯ ಮತ್ತು ಶ್ವಾಸದ ಸಾಮರ್ಥ್ಯವನ್ನು ಅಳೆಯಲಾಯಿತು. ಮಲಗಿದ್ದ ಅವಧಿಯಲ್ಲಿ ಆ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಹುಡುಕಿ ತಂದು ಮತ್ತೆ ಪರೀಕ್ಷಿಸಿದಾಗ, ಅವರ ದೇಹದ ಕೊಬ್ಬಿನ ಪಾಲು ದುಪ್ಪಟ್ಟಾಗಿದ್ದರೂ, ಮೂವತ್ತು ವರ್ಷಗಳ ವಯಸ್ಸು ಕಸಿದುಕೊಂಡಿದ್ದ ಸಾಮರ್ಥ್ಯ ಆ ಮೂರು ವಾರಗಳ ಹಾಸಿಗೆ ಕಸಿದಿದ್ದಕ್ಕಿಂತ ಕಡಿಮೆಯೇ ಇತ್ತು. ಆಮೇಲೆ ಆರು ತಿಂಗಳ ಸೌಮ್ಯ ತರಬೇತಿಯಿಂದ ಅವರು ತಮ್ಮ ಇಪ್ಪತ್ತನೆಯ ವಯಸ್ಸಿನ ಆರಂಭಿಕ ಮಟ್ಟಕ್ಕೆ ಮರಳಿದರು. ಅಂದು ತರಬೇತಿಯ ನಂತರ ತಲುಪಿದ್ದ ಎತ್ತರವನ್ನು ಮಾತ್ರ ಯಾರೂ ಮತ್ತೆ ಮುಟ್ಟಲಿಲ್ಲ. ಕುತೂಹಲದ ಸಂಗತಿಯೆಂದರೆ, ಈ ಚೇತರಿಕೆಯಲ್ಲಿ ಹೃದಯವು ನಿಮಿಷಕ್ಕೆ ಪಂಪು ಮಾಡುವ ಗರಿಷ್ಠ ರಕ್ತ ಹೆಚ್ಚಲಿಲ್ಲ. ಹರಿದು ಬಂದ ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳಲು ಸ್ನಾಯುಗಳು ಕಲಿತವು, ಅಷ್ಟೆ. ಐವರೇ ಇದ್ದ ಪ್ರಯೋಗದಿಂದ ಇಡೀ ಮನುಕುಲಕ್ಕೆ ನಿಯಮ ಬರೆಯಲಾಗದು. ಆದರೂ ವಯಸ್ಸಾಯಿತು ಎಂದು ನಾವು ದೂರುವುದರಲ್ಲಿ ಬಹುಪಾಲು ಕುಳಿತು ಕಳೆದ ವರ್ಷಗಳ ಫಲ ಎಂಬ ಶಂಕೆಯನ್ನು ಅದು ಬಲಪಡಿಸುತ್ತದೆ.

ದಮ್ಮು ಹೀಗೆ ತಿಂಗಳುಗಳಲ್ಲಿ ಮರಳುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಇನ್ನೂ ಬೇಗ, ಒಂದೆರಡು ವಾರಗಳಲ್ಲೇ ಹೆಚ್ಚುತ್ತದೆ. ಮೂಳೆಗೆ ಸ್ನಾಯುವನ್ನು ಕಟ್ಟಿಹಾಕುವ ಸ್ನಾಯುರಜ್ಜುಗಳ ಕಥೆ ಬೇರೆ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚಿದ್ದನ್ನೇ ಗಡಿಯಾರವಾಗಿ ಬಳಸಿಕೊಂಡು ಡೆನ್ಮಾರ್ಕಿನ ವಿಜ್ಞಾನಿಗಳು ಹಿಮ್ಮಡಿಯ ಮೇಲಿನ ಅಕಿಲೀಸ್ ರಜ್ಜುವಿನ ಅಂಗಾಂಶದ ವಯಸ್ಸನ್ನು ಲೆಕ್ಕ ಹಾಕಿದರು. ಅದರ ಒಳತಿರುಳು ಬದುಕಿನ ಮೊದಲ ಹದಿನೇಳು ವರ್ಷಗಳಲ್ಲಿ ರೂಪುಗೊಂಡು, ಮುಂದೆ ಹೆಚ್ಚುಕಡಿಮೆ ಬದಲಾಗದೆ ಉಳಿಯುತ್ತದೆ ಎಂದು 2013ರಲ್ಲಿ ಅವರು ವರದಿ ಮಾಡಿದರು. ತರಬೇತಿಗೆ ರಜ್ಜು ಸ್ಪಂದಿಸುವುದಿಲ್ಲವೆಂದು ಇದರ ಅರ್ಥವಲ್ಲ. ನಿಯಮಿತವಾಗಿ ಭಾರ ಹೊತ್ತರೆ ಅದು ಗಟ್ಟಿಯಾಗುತ್ತದೆ, ಆದರೆ ಸ್ನಾಯುವಿಗಿಂತ ತುಂಬ ನಿಧಾನವಾಗಿ.

ಇ-ಬೈಕಿನ ನಿಜವಾದ ಅಪಾಯ ಇಲ್ಲಿದೆ. ಹಿಂದೆ ಏರು ಎಂಬುದು ಸುಂಕದಕಟ್ಟೆಯಾಗಿತ್ತು: ಅಲ್ಲಿ ಬೆವರು ತೆತ್ತವನಿಗಷ್ಟೇ ಇಳಿಜಾರಿನ ಪ್ರವೇಶ. ಒಂದೇ ಬೆಳಗಿನಲ್ಲಿ ಮೂರು ಸಲ ಇಳಿಯಬೇಕಾದರೆ ಮೂರು ಸಲ ಏರುವಷ್ಟು ದೇಹ ಪಳಗಿರಬೇಕಿತ್ತು. ಅಷ್ಟು ಪಳಗುವ ತಿಂಗಳುಗಳಲ್ಲಿ ಮಣಿಕಟ್ಟು, ಮಂಡಿ, ಭುಜ, ಕುತ್ತಿಗೆಗಳೂ ತಮಗರಿಯದಂತೆಯೇ ಗಟ್ಟಿಯಾಗುತ್ತಿದ್ದವು. ಮೋಟಾರು ಬಂದ ಮೇಲೆ ಮೊದಲ ದಿನವೇ ಸಾವಿರ ಮೀಟರ್ ಏರಿ ಸಾವಿರ ಮೀಟರ್ ಇಳಿಯಬಹುದು. ಇಳಿಯುವಾಗ ಮೋಟಾರಿಗೆ ಕೆಲಸವಿಲ್ಲ. ಪೆಡಲಿನ ಮೇಲೆ ನಿಂತು ಪ್ರತಿ ಕಲ್ಲಿನ ಏಟನ್ನು ಬಾಗಿದ ಮೊಣಕಾಲು, ಮೊಣಕೈಗಳಿಂದ ನುಂಗಿಕೊಳ್ಳುವ ಆ ಹೊತ್ತಿನಲ್ಲಿ ದುಡಿಯುವುದು ಹಲವು ವರ್ಷ ಕುರ್ಚಿಯಲ್ಲಿ ಕುಳಿತಿದ್ದ ದೇಹವೇ. ಬ್ರೇಕನ್ನು ಹಿಡಿದೇ ಇದ್ದರೆ ಮುಂದೋಳಿನ ಸ್ನಾಯುಗಳು ಬಿಗಿದು ತಮ್ಮದೇ ರಕ್ತನಾಳಗಳನ್ನು ಒತ್ತುತ್ತವೆ. ಬೆರಳುಗಳು ಸೋಲುವುದು ಸಾಮಾನ್ಯವಾಗಿ ಇಳಿಜಾರಿನ ಕೊನೆಯ ತಿರುವುಗಳಲ್ಲಿ.

ತೂಕವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸವಾರ, ಸೈಕಲ್ ಸೇರಿ 99 ಕೆ.ಜಿ. ಇದ್ದರೆ 500 ಮೀಟರ್ ಇಳಿಯುವಾಗ ಸುಮಾರು 4.9 ಲಕ್ಷ ಜೂಲ್ ಶಕ್ತಿ ಹೊರಬೀಳಬೇಕು, ಮತ್ತು ಕಡಿದಾದ ದಾರಿಯಲ್ಲಿ ಅದರ ಬಹುಭಾಗ ಬ್ರೇಕಿನಲ್ಲಿ ಶಾಖವಾಗುತ್ತದೆ. ರಿಪ್ಯಾಕ್ ಎಂಬ ಹೆಸರು ಬಂದದ್ದೇ ಈ ಶಾಖದಿಂದ: ಒಂದೇ ಇಳಿತಕ್ಕೆ ಹಿಂಚಕ್ರದ ಬ್ರೇಕಿನೊಳಗಿನ ಗ್ರೀಸು ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಇಂದಿನ ಇ-ಬೈಕುಗಳಿಗೆ 200 ಮಿಲಿಮೀಟರಿನಷ್ಟು ದೊಡ್ಡ ಬ್ರೇಕ್ ತಟ್ಟೆಗಳನ್ನು ಕೊಡುವುದು ಅಲಂಕಾರಕ್ಕಲ್ಲ. ಇಳಿಯುವಾಗ ಬ್ಯಾಟರಿ ತುಂಬಿಕೊಳ್ಳಬಾರದೇ ಎಂದು ಹಲವರು ಕೇಳುತ್ತಾರೆ. ಪೆಡಲ್ ನಿಂತಾಗ ಹಿಂಚಕ್ರ ಸರಪಳಿಯನ್ನು ಎಳೆಯದೆ ತಾನೊಂದೇ ತಿರುಗುವುದರಿಂದ, ಅಚ್ಚಿನ ಬಳಿಯ ಮೋಟಾರಿಗೆ ಆ ಶಕ್ತಿ ತಲುಪುವ ದಾರಿಯೇ ಇಲ್ಲ.

ಕೌಶಲದ ಮಾತೇನು? ಸೈಕಲ್ ತುಳಿಯುವುದನ್ನು ಮರೆಯುವುದಿಲ್ಲ ಎಂಬುದು ನಿಜ. ಇಂಥ ಚಲನೆಯ ನೆನಪು ಕಿರುಮೆದುಳಿನಂಥ ಭಾಗಗಳಲ್ಲಿ ದಶಕಗಟ್ಟಲೆ ಉಳಿಯುತ್ತದೆ. ತೊಡಕೇನೆಂದರೆ ಹಾಗೆ ಉಳಿದಿರುವುದು ಹಳೆಯ ಸೈಕಲ್ಲಿನ ನೆನಪು. ಈ ನಡುವೆ 26 ಇಂಚಿನ ಚಕ್ರ 29 ಇಂಚಿಗೆ ಬೆಳೆದಿದೆ, 600 ಮಿಲಿಮೀಟರಿನಷ್ಟಿದ್ದ ಹ್ಯಾಂಡಲ್ 780ಕ್ಕೆ ಅಗಲವಾಗಿದೆ, ನೆಲಕ್ಕೆ 71 ಡಿಗ್ರಿ ಕೋನದಲ್ಲಿ ನಿಂತಿದ್ದ, ಮುಂಚಕ್ರವನ್ನು ಹಿಡಿಯುವ ಫೋರ್ಕ್ 65ರ ಹತ್ತಿರಕ್ಕೆ ಓರೆಯಾಗಿದೆ. ಹೊಸ ವಿನ್ಯಾಸ ಕಡಿದಾದ ದಾರಿಯಲ್ಲಿ ಹೆಚ್ಚು ಸ್ಥಿರ, ಆದರೆ ತಿರುವಿನಲ್ಲಿ ಮುಂಚಕ್ರದ ಮೇಲೆ ಭಾರ ಹಾಕಬೇಕೆಂದು ಕೇಳುತ್ತದೆ. ಹೆದರಿದಾಗ ಹಿಂದಕ್ಕೆ ವಾಲುವ ಹಳೆಯ ಅಭ್ಯಾಸವಿದ್ದವನ ಮುಂಚಕ್ರ ಅಲ್ಲಿಯೇ ಜಾರುತ್ತದೆ. ಏರಿನಲ್ಲಿಯೂ ಬಿಡಿಸಿಕೊಳ್ಳಬೇಕಾದ ಅಭ್ಯಾಸವೊಂದಿದೆ. ಕಡಿದಾದ ತಿರುವಿನಲ್ಲಿ ಪೆಡಲನ್ನು ಒಮ್ಮೆಲೇ ತುಳಿದರೆ ಸಂವೇದಕ ಅದನ್ನು ಬೇಡಿಕೆಯೆಂದು ತಿಳಿದು ಮೋಟಾರಿಗೆ ಹೇಳುತ್ತದೆ, ಹಿಂಚಕ್ರ ಮಣ್ಣು ಕೆದರುತ್ತದೆ. ಹಗುರ ಗೇರಿನಲ್ಲಿ ನಿಮಿಷಕ್ಕೆ 70ರಿಂದ 90 ಸುತ್ತು ಒಂದೇ ಸಮನೆ ತುಳಿಯುವವನಿಗೆ ಅದೇ ಯಂತ್ರ ಬಹಳ ಸೌಮ್ಯವಾಗಿ ಒದಗುತ್ತದೆ.

ಬೆಂಗಳೂರಿನ ಹೊರವಲಯದ ತುರಹಳ್ಳಿಯಲ್ಲಾಗಲಿ, ಆಲ್ಪ್ಸ್‌ನಲ್ಲಾಗಲಿ, ಹೊಸದಾಗಿ ಮರಳಿದವರು ಸಾಮಾನ್ಯವಾಗಿ ಕಣ್ಣಿಡುವುದು ಬ್ಯಾಟರಿಯ ಸೂಚಕದ ಮೇಲೆ. ಅದು ಅಷ್ಟೇನೂ ಚಿಂತಿಸಬೇಕಾದ ವಿಷಯವಲ್ಲ. ಮೋಟಾರು ಅರ್ಧ ಭಾರ ಹೊತ್ತರೆ 500 ಮೀಟರ್ ಏರಲು ಬ್ಯಾಟರಿಯಿಂದ ನೂರು ವ್ಯಾಟ್-ಗಂಟೆಯ ಆಸುಪಾಸು ಖರ್ಚಾಗುತ್ತದೆ. 500 ವ್ಯಾಟ್-ಗಂಟೆಯ ಸಾಧಾರಣ ಬ್ಯಾಟರಿಯೂ ಎರಡು ಸಾವಿರ ಮೀಟರ್ ಏರಿಸೀತು. ಮೊದಲ ಎರಡು ಮೂರು ತಿಂಗಳು ಲೆಕ್ಕ ಇಡಬೇಕಾದದ್ದು ಇಳಿದ ಮೀಟರುಗಳನ್ನು. ಕೆಳಗೆ ತಲುಪಿದಾಗ ಬೆರಳುಗಳು ಬ್ರೇಕಿನಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತವೆಯೇ, ಮರುದಿನ ಮೆಟ್ಟಿಲಿಳಿಯುವಾಗ ಮಂಡಿ ಏನು ಹೇಳುತ್ತದೆ ಎಂಬುದನ್ನು ನೋಡಿಕೊಂಡು, ಅದು ಒಪ್ಪಿದಷ್ಟನ್ನೇ ಮುಂದಿನ ವಾರ ಹೆಚ್ಚಿಸಬೇಕು, ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೂ ಸರಿಯೇ.