ಅಮೆರಿಕದ ಗೆಳೆಯರು ಸಾಕ್ಷ್ಯಚಿತ್ರಕ್ಕೆ ಕೊಡುವ ಹಣವನ್ನು ನನ್ನ ಖಾತೆಗೆ ಹಾಕಿಸಿಕೊಳ್ಳಬಹುದೇ?

ಪ್ರಶ್ನೆ: ನಾನು ಧಾರವಾಡದವನು. ಕಲಘಟಗಿ, ಹಳಿಯಾಳ, ಯಲ್ಲಾಪುರ ಸುತ್ತಮುತ್ತಲಿನ, ಆಫ್ರಿಕ ಮೂಲದ ಸಿದ್ದಿ ಜನರು ಬಣ್ಣ ಮತ್ತು ಮೂಲದ ಕಾರಣಕ್ಕೆ ಅನುಭವಿಸುವ ತಾರತಮ್ಯದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದೇನೆ. ಯಾವ ವಾಹಿನಿಯ ಬೆಂಬಲವೂ ಇಲ್ಲ. ಅಮೆರಿಕದಲ್ಲಿರುವ ಕಾಲೇಜು ಗೆಳೆಯರು ಹಣ ಕಳಿಸುತ್ತೇವೆ ಎನ್ನುತ್ತಿದ್ದಾರೆ. ನೇರವಾಗಿ ನನ್ನ ಬ್ಯಾಂಕ್ ಖಾತೆಗೆ ಹಾಕಿಸಿಕೊಂಡರೆ ತೊಂದರೆ ಇದೆಯೇ? ಉಳಿದ ಹಣವನ್ನು ಎಲ್ಲಿಂದ ಹೊಂದಿಸಲಿ?

ಉತ್ತರ: ಆ ಗೆಳೆಯರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಮೊದಲು ಕೇಳಿಕೊಳ್ಳಿ. ಉತ್ತರದ ಅರ್ಧ ಭಾಗ ಅಲ್ಲೇ ಇದೆ.

2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಹಣ ಡಾಲರಿನಲ್ಲಿ ಬಂದಿತೋ ರೂಪಾಯಿಯಲ್ಲೋ ಎಂದು ನೋಡುವುದಿಲ್ಲ, ಕೊಟ್ಟವರು ಯಾರು ಎಂದು ನೋಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತು ವರ್ಷ ದುಡಿದರೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಗೆಳೆಯ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅದೇ ಅಮೆರಿಕದ ಪೌರತ್ವ ಪಡೆದವನು ರಜೆಗೆಂದು ಊರಿಗೆ ಬಂದು, ಲೈನ್ ಬಜಾರಿನಲ್ಲಿ ಪೇಡೆ ಕೊಳ್ಳುತ್ತಾ ನಿಮ್ಮ ಕೈಗೆ ರೂಪಾಯಿ ನೋಟುಗಳನ್ನೇ ಇಟ್ಟರೂ ಅದು ವಿದೇಶಿ ದೇಣಿಗೆ. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದ ಮಾತ್ರಕ್ಕೆ ಅವನು ಭಾರತೀಯ ಪ್ರಜೆಯಾಗುವುದಿಲ್ಲ. ಸಾಮಾಜಿಕ ಅಥವಾ ಸಾಂಸ್ಕೃತಿಕ ಉದ್ದೇಶದ ಕೆಲಸಕ್ಕೆ ಇಂಥ ಹಣ ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. ಒಬ್ಬ ನಿರ್ದೇಶಕನಿಗೆ ಅದು ಸುಲಭಕ್ಕೆ ಸಿಗುವಂಥದ್ದಲ್ಲ.

‘ನೋಂದಣಿ ಇರುವ ಯಾವುದಾದರೂ ಸಂಸ್ಥೆಗೆ ಕಳಿಸಲಿ, ಅವರು ನನಗೆ ಕೊಡಲಿ’ ಎಂಬ ದಾರಿ ಹಿಂದೆ ಇತ್ತು. 2020ರ ತಿದ್ದುಪಡಿ ಅದನ್ನು ಮುಚ್ಚಿತು. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಚಿತ್ರವನ್ನು ಆ ಸಂಸ್ಥೆಯೇ ತನ್ನ ಯೋಜನೆಯಾಗಿ ನಡೆಸಬೇಕಾಗುತ್ತದೆ. ಆಗ ‘ಸ್ವತಂತ್ರ’ ಎನ್ನುವ ಮಾತು ಎಷ್ಟು ಉಳಿಯುತ್ತದೆ ಎಂಬುದನ್ನು ನೀವೇ ಯೋಚಿಸಿ. ಇನ್ನೂ ಒಂದು ಎಚ್ಚರಿಕೆ: ದೃಶ್ಯ ಸುದ್ದಿ ಅಥವಾ ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ತಯಾರಿಸುವ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವುದನ್ನೇ ಈ ಕಾಯ್ದೆ ನಿಷೇಧಿಸಿದೆ. ನೀವು ಯೂಟ್ಯೂಬ್‌ನಲ್ಲಿ ಸುದ್ದಿ ಚಾನೆಲ್ ನಡೆಸುತ್ತಿದ್ದರೆ ಈ ಆಸೆಯನ್ನು ಕೈಬಿಡುವುದು ಒಳ್ಳೆಯದು. ಜನರಿಂದ ಆನ್‌ಲೈನ್‌ನಲ್ಲಿ ಹಣ ಕೂಡಿಸಿಕೊಡುವ ಅಮೆರಿಕದ ಕಿಕ್‌ಸ್ಟಾರ್ಟರ್ ಜಾಲತಾಣದ ಹೆಸರನ್ನು ಹಲವರು ಹೇಳುತ್ತಾರೆ. ಭಾರತದಲ್ಲಿ ನೆಲೆಸಿ, ಇಲ್ಲಿನ ಬ್ಯಾಂಕ್ ಖಾತೆ ಕೊಟ್ಟು ಅಲ್ಲಿ ಯೋಜನೆ ತೆರೆಯಲು ಆಗುವುದಿಲ್ಲ.

ಭಾರತೀಯ ಗೆಳೆಯರ ಹಣ ನಿಮ್ಮ ಖಾತೆಗೆ ಬರಬಹುದು, ಆದರೆ ತೆರಿಗೆಯ ಮಾತು ಬೇರೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಅಷ್ಟೂ ನಿಮ್ಮ ಆದಾಯಕ್ಕೆ ಸೇರುತ್ತದೆ. 50,000 ಮೀರಿದ ಭಾಗ ಮಾತ್ರವಲ್ಲ, ಇಡೀ ಮೊತ್ತ. ಆದ್ದರಿಂದ ಪಟ್ಟಿ ಎತ್ತುವ ಮೊದಲೇ ಲೆಕ್ಕಪರಿಶೋಧಕರನ್ನು ಕಂಡು, ಚಿತ್ರಕ್ಕೆಂದೇ ಬೇರೆ ಖಾತೆ ತೆರೆಯಿರಿ. ನಂಬಿಕೆಯ ಟ್ರಸ್ಟ್ ಅಥವಾ ಸಂಘವೊಂದು ನಿಮ್ಮ ಜೊತೆ ನಿಂತು, ಅದಕ್ಕೆ 80ಜಿ ಎಂದು ಹೆಸರಾದ ತೆರಿಗೆ ಮಾನ್ಯತೆ ಇದ್ದರೆ ದೇಶದೊಳಗಿನ ದಾನಿಗಳಿಗೂ ಕೊಟ್ಟ ಹಣಕ್ಕೆ ತೆರಿಗೆ ರಿಯಾಯಿತಿ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದಿಗೆ ಆ ರಿಯಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಸಿಗುವುದಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಕೇಳುವುದಿದ್ದರೂ ವ್ಯಕ್ತಿಯಾಗಿ ಹೋಗಿ ಪ್ರಯೋಜನವಿಲ್ಲ, ನೋಂದಾಯಿತ ಸಂಸ್ಥೆಯೇ ಬೇಕು.

ಇಷ್ಟೆಲ್ಲ ಓದಿದ ಮೇಲೆ ಅಮೆರಿಕಕ್ಕಿಂತ ಹುಬ್ಬಳ್ಳಿಯೇ ಹತ್ತಿರ ಎನಿಸಿದರೆ ನನಗೆ ಸಂತೋಷ. ಜಾತ್ರೆಗೆ, ಗಣಪತಿಗೆ, ಶಾಲೆಯ ಕಟ್ಟಡಕ್ಕೆ ಪಟ್ಟಿ ಎತ್ತುವುದು ನಮ್ಮ ಭಾಗದ ಜನಕ್ಕೆ ಹೊಸದೇನಲ್ಲ. ನಾಟಕ ಕಂಪನಿಗಳು ಕಷ್ಟದಲ್ಲಿದ್ದ ಕಲಾವಿದನಿಗಾಗಿ ಸಹಾಯಾರ್ಥ ಪ್ರದರ್ಶನ ಇಟ್ಟು ಊರಿಂದೂರಿಗೆ ಹೋದದ್ದನ್ನು ಗದಗ, ಹಾವೇರಿಯ ಹಿರಿಯರು ಕಂಡಿದ್ದಾರೆ. ಸಿನಿಮಾಕ್ಕೂ ಇದು ಒಗ್ಗುತ್ತದೆ. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಅದರ ನಾಯಕ ನಮ್ಮ ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು. ಆ ರೈತರ ಹಿಂದೆ ದೊಡ್ಡ ಸಹಕಾರಿ ವ್ಯವಸ್ಥೆ ಇತ್ತು, ನಿಮ್ಮ ಹಿಂದೆ ಇಲ್ಲ. ಹಾಗಾಗಿ ನಿಮಗೆ ಕೇರಳದ ಉದಾಹರಣೆ ಹೆಚ್ಚು ಹತ್ತಿರದ್ದು. ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಗೆಳೆಯರು ಒಡೆಸ್ಸಾ ಎಂಬ ಬಳಗ ಕಟ್ಟಿಕೊಂಡು ಹಳ್ಳಿಹಳ್ಳಿಗೆ ಹೋಗಿ ಚಾಪ್ಲಿನ್ ಚಿತ್ರ ತೋರಿಸಿ ಚಂದಾ ಎತ್ತಿದರು. 1986ರ ‘ಅಮ್ಮ ಅರಿಯಾನ್’ ಆ ಹಣದಲ್ಲೇ ಆಯಿತು.

ನೀವೂ ಇಡೀ ಚಿತ್ರದ ಹಣವನ್ನು ಒಮ್ಮೆಗೇ ಕೇಳಬೇಡಿ. ಮೊದಲು ಕೈಯಿಂದಲೇ ಒಂದಿಷ್ಟು ಹಾಕಿ, ನಾಲ್ಕೈದು ನಿಮಿಷದ ತುಣುಕು ಸಿದ್ಧಪಡಿಸಿ. ಕಾಲೇಜಿನ ಸಭಾಂಗಣದಲ್ಲಿ, ಸಂಘ ಸಂಸ್ಥೆಗಳ ವಾರದ ಸಭೆಯಲ್ಲಿ, ವಕೀಲರು ಮತ್ತು ಶಿಕ್ಷಕರು ಸೇರುವ ಕಡೆ ಅದನ್ನು ತೋರಿಸಿ, ಮುಂದಿನ ಹಂತಕ್ಕೆ ಬೇಕಾದಷ್ಟನ್ನೇ ಕೇಳಿ. ‘ಎರಡು ಹಾರ್ಡ್ ಡಿಸ್ಕ್, ಹತ್ತು ದಿನದ ಜೀಪ್ ಬಾಡಿಗೆ, ಧ್ವನಿ ಮುದ್ರಕರ ಸಂಭಾವನೆ’ ಎಂದು ಬಿಡಿಸಿ ಹೇಳಿದರೆ ಐನೂರು ಕೊಡುವವರೂ ತಮ್ಮ ದುಡ್ಡು ಎಲ್ಲಿಗೆ ಹೋಯಿತೆಂದು ತಿಳಿಯುತ್ತಾರೆ. ರಸೀದಿ ಪುಸ್ತಕ ಜೊತೆಗಿರಲಿ. ಕ್ಯೂಆರ್ ಕೋಡ್ ಇದ್ದರೂ ಇರಲಿ. ಲಾಭದಲ್ಲಿ ಪಾಲು ಕೊಡುತ್ತೇನೆಂದು ಮಾತ್ರ ಯಾರಿಗೂ ಹೇಳಬೇಡಿ. 2013ರಲ್ಲಿ ತೆರೆಕಂಡ ‘ಲೂಸಿಯಾ’ಕ್ಕೆ ಪ್ರೇಕ್ಷಕರೇ ಹಣ ಹೂಡಿದ್ದರು ನಿಜ, ಆದರೆ ಅದು ಚಿತ್ರಮಂದಿರಕ್ಕೆ ಹೋಗುವ ಕಥಾಚಿತ್ರ. ಸಾಕ್ಷ್ಯಚಿತ್ರಕ್ಕೆ ಲಾಭದ ಮಾತಾಡಿದರೆ ನಂಬಿದವರನ್ನು ಕಳೆದುಕೊಳ್ಳುತ್ತೀರಿ, ಕಾನೂನಿನ ತೊಡಕು ಬೇರೆ.

ಅನುದಾನದ ದಾರಿಯೂ ಇದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1990ರ ದಶಕದಿಂದ ಕಲಾ ಸಂಶೋಧನೆ ಮತ್ತು ಕಲಾಪ್ರಯೋಗಗಳಿಗೆ ನೆರವು ನೀಡುತ್ತಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಅವರ ಉದ್ದೇಶಕ್ಕೆ ನಿಮ್ಮ ವಿಷಯ ಹೊಂದುತ್ತದೆಯೇ ಎಂದು ಮೊದಲು ವಿಚಾರಿಸಿ.

ಇನ್ನು ತುಣುಕಿನಲ್ಲಿ ಏನಿರಬೇಕು? ಹಣ ಎತ್ತುವವರು ಬಹುಪಾಲು ತಪ್ಪು ಹೆಜ್ಜೆ ಇಡುವುದು ಇಲ್ಲಿಯೇ. ಹರಕು ಅಂಗಿಯ ಮಗು, ಕಣ್ಣೀರಿಡುವ ಅಜ್ಜಿ, ಹಿನ್ನೆಲೆಯಲ್ಲಿ ಕೊಳಲು. ದುಡ್ಡು ಬೇಗ ಬರುತ್ತದೆ, ಒಪ್ಪುತ್ತೇನೆ. ಆದರೆ ಸಿದ್ದಿಗಳನ್ನು ವಿಚಿತ್ರ ಪ್ರಾಣಿಗಳಂತೆ ನೋಡುವ ಕಣ್ಣಿನ ವಿರುದ್ಧ ಚಿತ್ರ ಮಾಡುವವರು ಅದೇ ಕಣ್ಣಿಗೆ ಮತ್ತಷ್ಟು ಮೇವು ಹಾಕಿದಂತಾಗುತ್ತದೆ. ಅದರ ಬದಲು ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಒಬ್ಬ ಸಿದ್ದಿ ಯುವಕನ ಜೊತೆ ಅರ್ಧ ಗಂಟೆ ನಿಲ್ಲಿ. ಪಕ್ಕದವರು ಅವನನ್ನು ತಿರುತಿರುಗಿ ನೋಡುತ್ತಾರೆ. ಯಾರೋ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಾರೆ. ಅವನು ತಿರುಗಿ, ‘ಕಲಘಟಗಿಯವನು ರೀ, ಬಸ್ ಎಷ್ಟು ಹೊತ್ತಿಗಿದೆ?’ ಎನ್ನುತ್ತಾನೆ. ಇಂಥದ್ದೊಂದು ಗಳಿಗೆ ಅವನ ಒಪ್ಪಿಗೆಯಿಂದ ಸಿಕ್ಕರೆ ಯಾವ ಕೊಳಲೂ ಬೇಡ.

ಮನವಿಯಲ್ಲಿ ಇತಿಹಾಸವನ್ನು ಎರಡು ಸಾಲಿಗೆ ಇಳಿಸಿ. ಇವರಲ್ಲಿ ಬಹುಪಾಲು ಜನರ ಪೂರ್ವಜರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡು ಸೇರಿದರು ಎಂದರೆ ಸಾಕು. ಹಣ ಕೊಡುವವರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸುವ ಸಂಗತಿ ಬೇರೆ ಇದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಸೇರಿದ್ದು 2020ರಲ್ಲಿ. ನಡುವಿನ ಹದಿನೇಳು ವರ್ಷ ಗಡಿಯಾಚೆ ಇದ್ದವರಿಗೆ ಪ್ರಮಾಣಪತ್ರ, ಈಚೆ ಇದ್ದವರಿಗೆ ಇಲ್ಲ. ಬಣ್ಣ ಅದೇ, ಬಸ್ಸಿನಲ್ಲಿ ಕೇಳುವ ಪ್ರಶ್ನೆಯೂ ಅದೇ. ಆ ವರ್ಷಗಳಲ್ಲಿ ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ ಕೈತಪ್ಪಿದ ಒಬ್ಬರನ್ನು ನಮ್ಮ ಜಿಲ್ಲೆಯಲ್ಲೇ ಹುಡುಕಿ ಮಾತಾಡಿಸಿ. ‘ಅಮೆರಿಕದ ವರ್ಣಭೇದದ ಬಗ್ಗೆ ಕೇಳಿದ್ದೇವೆ, ಇಲ್ಲೆಲ್ಲಿದೆ?’ ಎನ್ನುವವರಿಗೆ ಉತ್ತರ ಅಲ್ಲಿ ಸಿಗುತ್ತದೆ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು ಎಂಬುದನ್ನೂ ಬಿಡಬೇಡಿ. ಸೋಲನ್ನಷ್ಟೇ ಹೇಳುವ ಮನವಿ ನಿಜದ ಅರ್ಧ.

ಖರ್ಚಿನ ಪಟ್ಟಿಯಲ್ಲಿ ಅನೇಕರು ಮರೆಯುವ ಒಂದು ಬಾಬತ್ತು ಕೂಲಿ. ಚಿತ್ರೀಕರಣಕ್ಕೆಂದು ಒಬ್ಬರು ದಿನವಿಡೀ ನಿಮ್ಮ ಜೊತೆ ನಿಂತರೆ ಆ ದಿನದ ದುಡಿಮೆ ಹೋಯಿತು. ಮಾತಿಗೆ ಬೆಲೆ ಕಟ್ಟಬೇಡಿ, ಕಳೆದುಹೋದ ದಿನಕ್ಕೆ ಕೊಡಿ, ಎಲ್ಲರಿಗೂ ಒಂದೇ ದರದಲ್ಲಿ ಕೊಡಿ, ಲೆಕ್ಕದಲ್ಲಿ ಬಹಿರಂಗವಾಗಿ ಬರೆಯಿರಿ. ಡಮಾಮಿ ಬಾರಿಸಿ ಕುಣಿಯುವ ತಂಡವನ್ನು ಕರೆಸಿದರೆ ಅವರದು ಕಲಾವಿದರ ಸಂಭಾವನೆ, ಚಹಾ ಫಳಾರದಲ್ಲಿ ಮುಗಿಸುವಂಥದ್ದಲ್ಲ. ನೀವು ಸಿದ್ದಿ ಸಮುದಾಯದವರಲ್ಲದಿದ್ದರೆ ತಂಡದಲ್ಲಿ ಆ ಸಮುದಾಯದ ಒಬ್ಬರಾದರೂ ಸಂಬಳಕ್ಕಿರಲಿ, ಸಂಕಲನದ ಮೇಜಿನವರೆಗೂ ಇರಲಿ. ‘ಇವರ ಕಥೆಗೆ ಹಣ ಎತ್ತಿದಿರಿ, ಇವರಿಗೆಷ್ಟು ಕೊಟ್ಟಿರಿ?’ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ.

ಕಡೆಯ ಖರ್ಚು ಪ್ರದರ್ಶನದ್ದು. ಸಭಾಂಗಣ ಹಿಡಿದು ಸಾರ್ವಜನಿಕವಾಗಿ ತೋರಿಸಲು ಸೆನ್ಸಾರ್ ಪ್ರಮಾಣಪತ್ರ ಬೇಕು. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ, ಅರ್ಜಿ ಆನ್‌ಲೈನ್‌ನಲ್ಲಿ. ಅರ್ಜಿಯ ಶುಲ್ಕ, ಉಪಶೀರ್ಷಿಕೆಯ ಖರ್ಚು, ಕಲಘಟಗಿಯಲ್ಲಿ ಮೊದಲ ಪ್ರದರ್ಶನಕ್ಕೆ ಪರದೆ ಮತ್ತು ಜನರೇಟರ್ ಬಾಡಿಗೆ, ಇವನ್ನು ಈಗಲೇ ಪಟ್ಟಿಗೆ ಸೇರಿಸಿ. ಚಿತ್ರ ಮುಗಿದ ಮೇಲೆ ಇವುಗಳಿಗೆಂದು ಮತ್ತೆ ಅದೇ ದಾನಿಗಳ ಮನೆ ಬಾಗಿಲಿಗೆ ಹೋದರೆ ಚಹಾ ಸಿಗಬಹುದು, ಹಣ ಸಿಗುವುದು ಕಷ್ಟ.