ಒತ್ತು ಮುಂದೆ, ಅರ್ಥ ಹಿಂದೆ

ದುಡಿಯುವ ಶಕ್ತಿ ಕಳೆದುಕೊಂಡವರಿಗೆ ಹಣ ಕೊಡುವ ವಿಮೆಗೆ ಡಚ್ ಭಾಷೆಯಲ್ಲಿ ಒಂದೇ ಪದ: ಆರ್‌ಬೆಯ್ಟ್ಸ್‌ಆನ್‌ಖೆಸ್ಖಿಕ್ಟ್‌ಹೆಯ್ಟ್ಸ್‌ಫರ್‌ಝೇಕರಿಂಗ್. ರೋಮನ್ ಲಿಪಿಯಲ್ಲಿ 33 ಅಕ್ಷರ, ನಡುವೆ ಎಲ್ಲೂ ಜಾಗ ಬಿಡುವಂತಿಲ್ಲ. ನೋಡಿದರೇ ಗಾಬರಿಯಾಗುತ್ತದೆ, ಅಲ್ವಾ? ಆದರೆ ಈ ಉದ್ದ ಕಾಡುವುದು ಕಣ್ಣನ್ನು. ಕಿವಿಗೆ ಪದ ಬಿಡಿಬಿಡಿಯಾಗಿಯೇ ಬೀಳುತ್ತದೆ.

‘ಆರ್‌ಬೆಯ್ಟ್’ ಅಂದರೆ ಕೆಲಸ. ‘ಆನ್‌ಖೆಸ್ಖಿಕ್ಟ್’ ಅಂದರೆ ಕೈಲಾಗದ. ‘ಹೆಯ್ಟ್’ ನಮ್ಮ ‘ತನ’ದ ಹಾಗೆ. ‘ಫರ್‌ಝೇಕರಿಂಗ್’ ಅಂದರೆ ವಿಮೆ. ನಡುವೆ ಎರಡು ಕಡೆ ನುಸುಳಿರುವ ‘ಸ್’ಗೆ ಅರ್ಥವಿಲ್ಲ, ಅದು ಬರೀ ಬೆಸುಗೆ. ಒಟ್ಟು 10 ಉಚ್ಚಾರಾಂಶಗಳು. ಎಲ್ಲಕ್ಕಿಂತ ಜಾಸ್ತಿ ಒತ್ತು, ಅಂದರೆ ನುಡಿಯುವಾಗ ಹಾಕುವ ಬಲ, ಮೊದಲ ‘ಆರ್’ ಮೇಲೆ. ಮುಂದಿನ ಭಾಗಗಳಿಗೂ ಒತ್ತು ಉಂಟು, ಆದರೆ ಮೆತ್ತಗೆ. ಆ ಮೆಲುಒತ್ತುಗಳನ್ನು ಹಿಡಿದೇ ಕೇಳುವವರು ಪದವನ್ನು ಬಿಡಿಸಿಕೊಳ್ಳುತ್ತಾರೆ.

ಒತ್ತು ಮೊದಲ ಪದಕ್ಕಾದರೆ ಯಜಮಾನಿಕೆ ಕೊನೆಯ ಪದಕ್ಕೆ. ನನಗೆ ತುಂಬಾ ಹಿಡಿಸುವುದು ಇದೇ. 1953ರ ಫೆಬ್ರವರಿ 1ರಂದು ಸಮುದ್ರ ಉಕ್ಕಿ, ಒಡ್ಡುಗಳು ಒಡೆದು, ನೆದರ್‌ಲ್ಯಾಂಡ್ಸ್‌ನಲ್ಲಿ 1,836 ಜನ ಸತ್ತರು. ಆ ಘಟನೆಯ ಹೆಸರು ‘ವಾಟರ್ಸ್‌ನೋಟ್‌ರಾಂಪ್’. ನೀರು, ಸಂಕಟ, ದುರಂತ, ಹೀಗೆ ಮೂರು ಪದ ಬೆಸೆದದ್ದು. ‘ವಾ’ ಮೇಲೆ ಒತ್ತು ಬೀಳುವುದರಿಂದ ಮೊದಲು ಗಟ್ಟಿಯಾಗಿ ಕೇಳಿಸುವುದು ನೀರು. ಆದರೆ ಪದ ಹೇಳುತ್ತಿರುವುದು ದುರಂತವನ್ನು. ಕನ್ನಡದಲ್ಲೂ ತಲೆನೋವು ಒಂದು ಬಗೆಯ ನೋವೇ ಹೊರತು ತಲೆಯಲ್ಲ. ನಮ್ಮಲ್ಲಿ ಒತ್ತಿನ ಈ ಆಟ ಇಲ್ಲ, ಅಷ್ಟೇ.

ನಿಯಮ ತಪ್ಪುವ ಪದಗಳೂ ಇವೆ. ನಗರಾಡಳಿತದ ಕಟ್ಟಡಕ್ಕೆ ‘ಸ್ಟಾಟ್‌ಹಾಯ್ಸ್’ ಎನ್ನುವಾಗ ಒತ್ತು ಕೊನೆಯ ‘ಹಾಯ್ಸ್’ ಮೇಲೆ. ಇಂಥವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು.

ಒತ್ತು ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಬೇಕಾದರೆ massagebed ಎಂಬ ಒಂದು 10 ಅಕ್ಷರದ ಪದ ಸಾಕು. ಅದನ್ನು ‘ಮಸ-ಖೆಬೆಟ್’ ಎಂದು ಒಡೆದು ‘ಮ’ ಮೇಲೆ ಒತ್ತು ಹಾಕಿದರೆ ಸಾಮೂಹಿಕ ಪ್ರಾರ್ಥನೆ. ‘ಮಸಾಝೆ-ಬೆಟ್’ ಎಂದು ಒಡೆದು ‘ಸಾ’ ಮೇಲೆ ಹಾಕಿದರೆ ಮಸಾಜ್ ಮಾಡಿಸಿಕೊಳ್ಳುವ ಮಂಚ! ಬರಹದಲ್ಲಿ ಎರಡಕ್ಕೂ ಒಂದಿಷ್ಟೂ ವ್ಯತ್ಯಾಸವಿಲ್ಲ. ಒಡೆಯುವ ಜಾಗ ಬದಲಾದರೆ ಒತ್ತು ಮಾತ್ರ ಅಲ್ಲ, ನಡುವಿನ ವ್ಯಂಜನದ ಸದ್ದೂ ಬದಲಾಗುತ್ತದೆ.

ಬೆಸುಗೆಯ ಬಗ್ಗೆಯೂ ಡಚ್ಚರಿಗೆ ಜಗಳ ತಪ್ಪಿಲ್ಲ. ಅವರ ದೋಸೆಯಂಥ ತಿಂಡಿ ‘ಪಾನೆಕೂಕ್’ಗೆ 1995ರ ಕಾಗುಣಿತ ಸುಧಾರಣೆ ನಡುವೆ ಒಂದು ‘ನ್’ ಸೇರಿಸಿತು. ಮೊದಲ ಪದದ ಬಹುವಚನಕ್ಕೆ ಹೊಂದಬೇಕು ಎಂಬುದು ವಾದ. ಹೆಚ್ಚಿನವರು ಈಗ ಹಾಗೇ ಬರೆಯುತ್ತಾರೆ, ಆದರೆ ಮಾತಿನಲ್ಲಿ ಆ ‘ನ್’ ಹೇಳುವುದಿಲ್ಲ.