ನಾಲ್ಕು ಮ್ಯಾಚ್ ಉಳಿದಾಗ ಹೊಸ ಕೋಚ್

ಫುಟ್‌ಬಾಲ್ ಲೀಗ್ ಅರ್ಧ ದಾಟಿತು ಅಂದರೆ ಕೋಚ್ ಆದ ನನಗೆ ಫೋನ್‌ಗಳು ಶುರು. ಆ ಕಡೆ ಯಾವುದಾದರೂ ಕ್ಲಬ್‌ನ ಸೆಕ್ರೆಟರಿ. "ಸಾರ್, ನಾಲ್ಕೇ ಮ್ಯಾಚ್ ಉಳಿದಿರೋದು. ಹಿಂಗೇ ಆದ್ರೆ ಕೆಳಗಿನ ಡಿವಿಷನ್‌ಗೆ ಬೀಳ್ತೀವಿ. ಹಳೇ ಕೋಚ್‌ಗೆ ಬೇಡ ಅಂದುಬಿಟ್ವಿ. ನೀವು ಬಂದು ಏನಾದ್ರೂ ಮಾಡಿ." ಎಷ್ಟು ಟೈಮ್ ಇದೆ ಅಂತ ಕೇಳಿದರೆ, "ಭಾನುವಾರದ ತನಕ ಇದೆಯಲ್ಲ ಸಾರ್" ಅನ್ನುತ್ತಾರೆ. ಫೋನ್ ಬಂದಿರುವುದು ಬುಧವಾರ ರಾತ್ರಿ.

ಬೆಂಗಳೂರಿನ ಡಿವಿಷನ್ ಲೀಗ್ ತಂಡಗಳ ಜೊತೆ ಕೆಲಸ ಮಾಡುವ ನನಗೆ ಇದು ಹೊಸದಲ್ಲ. ಕಂಪನಿ ಟೂರ್ನಮೆಂಟ್‌ಗೆ ಟೀಮ್ ಕಟ್ಟುವವರು, ಅಕಾಡೆಮಿ ಗೇಟ್ ಹತ್ತಿರ ನಿಂತ ಅಪ್ಪಂದಿರು, ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಸೋತ ರಾತ್ರಿ ಮೆಟ್ರೋದಲ್ಲಿ ಸಿಗುವ ಹುಡುಗರು, ಎಲ್ಲರದೂ ಒಂದೇ ಮಾತು. ಕೋಚ್ ತೆಗೀರಿ, ಸರಿಹೋಗುತ್ತೆ. ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ನಿಲ್ಲಿಸಿದ ಊರು ಇದು, ಇಲ್ಲಿ ಎಲ್ಲರೂ ಅರ್ಧ ಕೋಚ್‌ಗಳೇ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಬೇಜಾರು ಏನಂದರೆ, ಕೋಚ್ ತೆಗೆದ ಮೇಲೆ ಎಷ್ಟೋ ಸಲ ಟೀಮ್ ಗೆದ್ದೂಬಿಡುತ್ತದೆ. ಆಮೇಲೆ ಯಾರಿಗೂ ಬುದ್ಧಿ ಹೇಳುವ ಹಾಗೇ ಇಲ್ಲ.

ಒಂದು ಕ್ಲಬ್ ಕೋಚ್‌ನ ಯಾವಾಗ ಕಳಿಸುತ್ತದೆ? ಒಂದು ಮ್ಯಾಚ್ ಸೋತಾಗ ಅಲ್ಲ, ಐದಾರು ಮ್ಯಾಚ್ ಸಾಲಾಗಿ ಕೈಕೊಟ್ಟಾಗ. ಆ ಐದಾರು ಮ್ಯಾಚ್ ಬಿಡಿಸಿ ನೋಡಿ. ಒಂದರಲ್ಲಿ ಚೆಂಡು ಎರಡು ಸಲ ಪೋಸ್ಟ್‌ಗೆ ಬಡಿದಿರುತ್ತದೆ. ಒಂದರಲ್ಲಿ ಸ್ಟ್ರೈಕರ್‌ಗೆ ಮಂಡಿ ನೋವು. ಒಂದರಲ್ಲಿ ಕೊನೇ ನಿಮಿಷಕ್ಕೆ ಪೆನಾಲ್ಟಿ. ಇನ್ನೆರಡು ಪಟ್ಟಿಯ ಮೇಲ್ಗಡೆ ಇರುವ ಟೀಮ್‌ಗಳ ಎದುರು. ನಿಮ್ಮ ಟೀಮ್ ಚೆನ್ನಾಗಿ ಆಡಲಿಲ್ಲ, ಒಪ್ಪಿದೆ. ಆದರೆ ಅದರ ಮೇಲೆ ಇಷ್ಟೆಲ್ಲ ಬಂದು ಕೂತಿದೆ. ಮುಂದಿನ ಐದು ಮ್ಯಾಚ್‌ನಲ್ಲೂ ಇದೆಲ್ಲ ಒಟ್ಟಿಗೆ ಆಗುವುದು ಅಪರೂಪ. ಹಳೇ ಕೋಚ್ ಇದ್ದಿದ್ದರೂ ಟೀಮ್ ಸ್ವಲ್ಪ ಮೇಲೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಟಚ್‌ಲೈನ್‌ನಲ್ಲಿ ಬೇರೆಯವರು ನಿಂತಿರುತ್ತಾರೆ, ಹೆಸರು ಅವರಿಗೆ ಹೋಗುತ್ತದೆ.

ಮಗುವಿನ ಜ್ವರ ನಾಲ್ಕನೇ ದಿನಕ್ಕೆ ಜೋರಾಯಿತು ಅಂತ ಡಾಕ್ಟರ್ ಬದಲಾಯಿಸುತ್ತೇವೆ, ಆರನೇ ದಿನ ಜ್ವರ ಇಳಿಯುತ್ತದೆ. ಎರಡನೇ ಡಾಕ್ಟರ್ ಕೈಗುಣ ಅಂತ ಬೀದಿಗೆಲ್ಲ ಹೇಳಿಕೊಂಡು ಬರುತ್ತೇವೆ. ಅವರು ಒಳ್ಳೇ ಡಾಕ್ಟರೇ ಇರಬಹುದು, ಆದರೆ ಈ ಒಂದು ಜ್ವರದಿಂದ ಅದು ಗೊತ್ತಾಗುವುದಿಲ್ಲ.

ಇಷ್ಟು ಹೇಳಿದ ಮೇಲೂ "ಆದ್ರೂ ಸಾರ್, ಹೊಸಬರು ಬಂದ್ಮೇಲೆ ಗೆದ್ವಲ್ಲ" ಅನ್ನುತ್ತಾರೆ. ಅದಕ್ಕೇ ಇನ್ನೊಂದು ಕಡೆಯಿಂದ ಬರುತ್ತೇನೆ. ಕೋಚ್ ಬದಲಾಯಿಸುವುದಕ್ಕೆ ಮುಂಚೆ, ಬದಲಾಯಿಸಿದ ಮೇಲೆ, ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದು ಕೋಚ್‌ನ ಇಟ್ಟುಕೊಂಡ ಟೀಮ್ ಏನಾಯಿತು ಅಂತ ನೋಡಬೇಕು. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಮಾಡಿದ್ದು ಇದನ್ನೇ. ಅಲ್ಲಿನ ಮೊದಲ ದರ್ಜೆ ಲೀಗ್‌ನ 1986ರಿಂದ 2004ರವರೆಗಿನ ಲೆಕ್ಕ ತೆಗೆದರು. ಕೋಚ್ ಬದಲಾಯಿಸಿದ ಟೀಮ್‌ಗಳು ಮೇಲೆ ಬಂದಿದ್ದವು. ಹಾಗೇ ಸೋಲುತ್ತಿದ್ದರೂ ಕೋಚ್‌ನ ಉಳಿಸಿಕೊಂಡ ಟೀಮ್‌ಗಳೂ ಮೇಲೆ ಬಂದಿದ್ದವು. ಬದಲಾಯಿಸಿದವರಿಗೆ ಹೆಚ್ಚಿನ ಲಾಭ ಏನೂ ಕಾಣಲಿಲ್ಲ. ಇದು ಒಂದು ದೇಶದ ಸರಾಸರಿ, ಅದನ್ನು ಮರೆಯಬಾರದು. ಸರಾಸರಿಯೊಳಗೆ ನಿಜವಾಗಿಯೂ ಟೀಮ್ ಎತ್ತಿದವರೂ ಇರುತ್ತಾರೆ, ಮುಳುಗಿಸಿದವರೂ ಇರುತ್ತಾರೆ.

ಅಷ್ಟು ದೂರ ಯಾಕೆ, ನಮ್ಮ ಬಿಎಫ್‌ಸಿಯನ್ನೇ ನೋಡಿ. 2022-23ರಲ್ಲಿ ಸೈಮನ್ ಗ್ರೇಸನ್ ಕೋಚ್. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಅರ್ಧ ಮುಗಿಯುವ ಹೊತ್ತಿಗೆ ಟೀಮ್ ಪಟ್ಟಿಯ ಕೆಳಗಡೆ ಇತ್ತು. ತೆಗೀರಿ ಅಂತ ಕೂಗು ಇತ್ತು. ಕ್ಲಬ್ ತೆಗೆಯಲಿಲ್ಲ. ಲೀಗ್‌ನ ಕೊನೆಯ ಎಂಟು ಮ್ಯಾಚ್ ಸಾಲಾಗಿ ಗೆದ್ದು, ಫೈನಲ್‌ವರೆಗೆ ಹೋಗಿ, ಪೆನಾಲ್ಟಿಯಲ್ಲಿ ಸೋತರು. ಅವರೇ ಕೋಚ್, ಅವರೇ ಆಟಗಾರರು. ಜನವರಿಯಲ್ಲಿ ಹೊಸಬರು ಬಂದಿದ್ದರೆ ಆ ಎಂಟೂ ಗೆಲುವು ಅವರ ಖಾತೆಗೆ ಹೋಗುತ್ತಿತ್ತು, ಅಲ್ವಾ? ಮುಂದಿನ ಸೀಸನ್ ಮತ್ತೆ ಸೋಲು. 2023ರ ಡಿಸೆಂಬರ್‌ನಲ್ಲಿ ಈ ಸಲ ಗ್ರೇಸನ್‌ರನ್ನು ಕಳಿಸಿದರು, ಗೆರಾರ್ಡ್ ಜರಗೋಜಾ ಬಂದರು. ಕೂಡಲೇ ಏನೂ ಆಗಲಿಲ್ಲ. 12 ಟೀಮ್‌ಗಳಲ್ಲಿ 10ನೇ ಸ್ಥಾನಕ್ಕೆ ಸೀಸನ್ ಮುಗಿಯಿತು. ಅದೇ ಜರಗೋಜಾಗೆ ಒಂದು ಪೂರ್ತಿ ಪ್ರೀ-ಸೀಸನ್, ಅಂದರೆ ಲೀಗ್‌ಗೆ ಮುಂಚಿನ ತಯಾರಿಯ ಸಮಯ, ಸಿಕ್ಕಿತು, ಬೇಕಾದವರನ್ನು ಆರಿಸಿಕೊಳ್ಳುವ ಅವಕಾಶ ಸಿಕ್ಕಿತು. 2024-25ರಲ್ಲಿ ಟೀಮ್ ಫೈನಲ್‌ನಲ್ಲಿತ್ತು. ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್‌ಗೆ 2-1ರಿಂದ ಸೋತರು.

ಟುಶೆಲ್ ಹೆಸರು ತೆಗೆಯದೆ ಯಾರೂ ಈ ಮಾತು ಮುಗಿಸಲು ಬಿಡುವುದಿಲ್ಲ. ಸರಿ, ತೆಗೆಯೋಣ. 2021ರ ಜನವರಿ ಕೊನೆಯಲ್ಲಿ ಇಂಗ್ಲೆಂಡ್‌ನ ಚೆಲ್ಸಿ ಕ್ಲಬ್ ಲೀಗ್‌ನಲ್ಲಿ 9ನೇ ಸ್ಥಾನದಲ್ಲಿದ್ದಾಗ ಕೋಚ್ ಲ್ಯಾಂಪಾರ್ಡ್ ಜಾಗಕ್ಕೆ ಥಾಮಸ್ ಟುಶೆಲ್ ಬಂದರು. ಹಿಂದೆ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸಿದರು. ಮೊದಲ 14 ಮ್ಯಾಚ್‌ನಲ್ಲಿ ಒಂದೂ ಸೋಲಲಿಲ್ಲ. ಮೇ ತಿಂಗಳಲ್ಲಿ ಯುರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಕಪ್ ಎತ್ತಿದರು. ಇದು ನಿಜವಾದ ಬದಲಾವಣೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರ ಕೈಗೆ ಸಿಕ್ಕಿದ್ದು ಯಾವ ಟೀಮ್? ಹಿಂದಿನ ಬೇಸಿಗೆಯಲ್ಲಿ 200 ಮಿಲಿಯನ್ ಪೌಂಡ್‌ಗೂ ಜಾಸ್ತಿ ಸುರಿದು ಕಟ್ಟಿದ ಟೀಮ್. ಒಂಬತ್ತನೇ ಸ್ಥಾನ ಆ ಆಟಗಾರರ ಮಟ್ಟ ಆಗಿರಲೇ ಇಲ್ಲ.

ಆ 14 ಮ್ಯಾಚ್ ಆದಮೇಲೆ ಅವರನ್ನು ಮೊದಲು ಸೋಲಿಸಿದ್ದು ಯಾರು ಗೊತ್ತಾ? ವೆಸ್ಟ್ ಬ್ರಾಮ್, 5-2. ಅದರ ಮ್ಯಾನೇಜರ್ ಸ್ಯಾಮ್ ಅಲಾರ್ಡೈಸ್, ಬೀಳುವ ಟೀಮ್‌ಗಳನ್ನು ಇಂಗ್ಲೆಂಡ್‌ನ ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ನಲ್ಲಿ ಉಳಿಸುವುದಕ್ಕೇ ಹೆಸರಾದವರು, ಅವರನ್ನೂ ಸೀಸನ್ ಮಧ್ಯದಲ್ಲೇ ಕರೆಸಿದ್ದರು. ಚೆಲ್ಸಿಯನ್ನು ಅವರ ಮೈದಾನದಲ್ಲೇ ಐದು ಗೋಲು ಹೊಡೆದು ಸೋಲಿಸಿದ ಆ ವೆಸ್ಟ್ ಬ್ರಾಮ್ ಕೊನೆಗೆ ರಿಲಿಗೇಟ್ ಆಯಿತು, ಅಂದರೆ ಕೆಳಗಿನ ಡಿವಿಷನ್‌ಗೆ ಬಿತ್ತು. ಎರಡು ವರ್ಷದ ನಂತರ ಲೀಡ್ಸ್ ಕ್ಲಬ್‌ನವರು ಇದೇ ಅಲಾರ್ಡೈಸ್‌ರನ್ನು ಸರಿಯಾಗಿ ನಾಲ್ಕು ಮ್ಯಾಚ್ ಉಳಿದಾಗ ಕರೆದರು. ಒಂದು ಡ್ರಾ, ಮೂರು ಸೋಲು. ಲೀಡ್ಸ್ ಕೂಡ ಕೆಳಗೆ ಹೋಯಿತು. ಅಷ್ಟು ಅನುಭವ ಇದ್ದವರ ಕೈಯಲ್ಲಿ ಆಗದ್ದನ್ನು ನಮ್ಮ ಸೆಕ್ರೆಟರಿಗಳು ನನ್ನ ಹತ್ತಿರ ಬುಧವಾರ ರಾತ್ರಿ ಕೇಳುತ್ತಾರೆ.

ಹಾಗಾದರೆ ಹೊಸ ಕೋಚ್ ಬೇಗ ಮಾಡಬಹುದಾದದ್ದು ಏನೂ ಇಲ್ಲವಾ? ಇದೆ. ಅದು ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ.

ಸೋಲುತ್ತಿರುವ ಟೀಮ್‌ಗೆ ಹೋದರೆ ನಾನು ಮೊದಲು ತೆಗೆಯುವುದು ಒಂದು ಹಗ್ಗ. ಶಾಮಿಯಾನ ಕಟ್ಟುವ ಸಾದಾ ನೂಲಿನ ಹಗ್ಗ. ನಾಲ್ಕು ಜನ ಡಿಫೆಂಡರ್‌ಗಳನ್ನು ಸಾಲಾಗಿ ನಿಲ್ಲಿಸಿ, ಏಳೆಂಟು ಹೆಜ್ಜೆ ಅಂತರ ಬಿಟ್ಟು, ಹಗ್ಗವನ್ನು ಎಲ್ಲರ ಕೈಗೂ ಕೊಡುತ್ತೇನೆ. ನಾನು ಚೆಂಡು ಇಟ್ಟುಕೊಂಡು ಬಲಕ್ಕೆ ಹೋದರೆ ನಾಲ್ವರೂ ಬಲಕ್ಕೆ ಸರಿಯಬೇಕು. ಹಗ್ಗ ಜೋತುಬೀಳಬಾರದು, ಬಿಗಿದು ಕೈಯಿಂದ ಜಾರಲೂಬಾರದು. ಮೊದಲ ಹತ್ತು ನಿಮಿಷ ನಗುವೋ ನಗು. ಲೆಫ್ಟ್ ಬ್ಯಾಕ್ ಚೆಂಡನ್ನೇ ನೋಡುತ್ತ ನಿಂತುಬಿಡುತ್ತಾನೆ, ಹಗ್ಗ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. "ಮಗಾ, ಮ್ಯಾಚ್‌ನಲ್ಲೂ ಹಿಂಗೇ ಕಣೋ ನಿಂತ್ಕೊಳ್ಳೋದು ನೀನು" ಅಂತ ಪಕ್ಕದವನು ಬೈಯುತ್ತಾನೆ. ಆ ಬೈಗುಳ ನನ್ನ ಬಾಯಿಂದ ಬರುವುದಕ್ಕಿಂತ ಅವನ ಬಾಯಿಂದ ಬಂದರೆ ಒಳ್ಳೆಯದು. ಅರ್ಧ ಗಂಟೆ ಕಳೆದ ಮೇಲೆ ಹಗ್ಗ ತೆಗೆದರೂ ನಾಲ್ವರು ಅದೇ ಅಂತರದಲ್ಲಿ ಸರಿಯುತ್ತಿರುತ್ತಾರೆ. ಶನಿವಾರ ಇನ್ನೊಮ್ಮೆ ಮಾಡಿಸಿದರೆ ಭಾನುವಾರಕ್ಕೆ ಬರುವ ಗೋಲು ಒಂದಾದರೂ ಕಡಿಮೆ ಆಗಬಹುದು.

ಕಾರ್ನರ್‌ಗಳೂ ಹಾಗೇ. ಯಾರು ಯಾರನ್ನು ಹಿಡಿಯಬೇಕು, ಹತ್ತಿರದ ಪೋಸ್ಟ್‌ನಲ್ಲಿ ಯಾರು ನಿಲ್ಲಬೇಕು, ಗೋಲ್‌ಕೀಪರ್ ಕೂಗಿದರೆ ಯಾರು ದಾರಿ ಬಿಡಬೇಕು, ಇದನ್ನೆಲ್ಲ ಒಂದು ಬೆಳಿಗ್ಗೆ ಸರಿಮಾಡಬಹುದು. ಬೆಂಚ್‌ನಲ್ಲಿ ಕೂತು ಕೂತು ಸಿಟ್ಟಾಗಿರುವ ಇಬ್ಬರಿಗೆ ಅವಕಾಶ ಕೊಟ್ಟರೆ ಅವರು ಮೊದಲ ಮ್ಯಾಚ್‌ನಲ್ಲಿ ಪ್ರಾಣ ಬಿಟ್ಟು ಓಡುತ್ತಾರೆ. ಮೂರನೇ ಮ್ಯಾಚ್‌ಗೆ ಆ ಕಾವು ಇಳಿಯುತ್ತದೆ, ಅದೂ ಗೊತ್ತಿರಲಿ.

ಆಗದೇ ಇರುವುದು ಕಾಲಿನ ಶಕ್ತಿ. ಪ್ರೀ-ಸೀಸನ್‌ನಲ್ಲಿ ಓಡದೇ ಇದ್ದವನನ್ನು ಲೀಗ್ ಮಧ್ಯೆ ಓಡಿಸಿದರೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡು ಕೂರುತ್ತಾನೆ. ಎದುರಾಳಿಯನ್ನು ಅವರ ಗೋಲಿನ ಹತ್ತಿರವೇ ಒತ್ತಿ ಹಿಡಿಯುವ ಆಟ, ಹಿಂದಿನಿಂದ ಪಾಸ್ ಮಾಡಿಕೊಂಡು ಬರುವ ಆಟ, ಇವಕ್ಕೆ ತಿಂಗಳುಗಟ್ಟಲೆ ಬೇಕು. 2024ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ರೂಬೆನ್ ಅಮೊರಿಮ್ ಸೀಸನ್ ಮಧ್ಯದಲ್ಲೇ ಪೂರ್ತಿ 3-4-3ಕ್ಕೆ (ಹಿಂದೆ ಮೂವರು, ಮಧ್ಯೆ ನಾಲ್ವರು, ಮುಂದೆ ಮೂವರು) ಬದಲಾಯಿಸಲು ಹೊರಟರು. ಆಟಗಾರರು ಬೇರೆ ಆಟಕ್ಕೆ ಅಂತ ತಂದವರು. ಲೀಗ್‌ನಲ್ಲಿ 15ನೇ ಸ್ಥಾನ. ಅವರು ಒಳ್ಳೇ ಕೋಚ್ ಹೌದೋ ಅಲ್ಲವೋ ಅನ್ನುವುದು ಬೇರೆ ಚರ್ಚೆ. ಎರಡು ಮ್ಯಾಚ್ ಮಧ್ಯೆ ಕಲಿಸಲಾಗದ್ದನ್ನು ಕಲಿಸಲು ಹೋದರು ಅಂತ ನನ್ನ ಅಭಿಪ್ರಾಯ.

ಅವರಿಗೆ ಕನಿಷ್ಠ ಪಕ್ಷ ಸ್ವಂತ ಮೈದಾನ ಇತ್ತು. ನಮ್ಮ ಡಿವಿಷನ್ ಹುಡುಗರಿಗೆ ಸಿಗುವುದು ಬೆಳಿಗ್ಗೆ ಆರರಿಂದ ಏಳೂವರೆ. ಅರ್ಧ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ನಡೆಯುತ್ತಿರುತ್ತದೆ. ಇಬ್ಬರು ಬರುವುದೇ ಇಲ್ಲ, ಒಬ್ಬ ಏಳಕ್ಕೆ ಡ್ಯೂಟಿಗೆ ಹೊರಡಬೇಕು. ಒಂದು ಟೀಮ್‌ನಲ್ಲಿ ಸ್ಟಾಪರ್ ಬ್ಯಾಕ್, ಅಂದರೆ ಮಧ್ಯದ ಡಿಫೆಂಡರ್, ಒಬ್ಬ ಪ್ರತಿ ಮ್ಯಾಚ್‌ನಲ್ಲೂ ಕೊನೇ ಇಪ್ಪತ್ತು ನಿಮಿಷ ಮಂಕಾಗುತ್ತಿದ್ದ. ಸೆಕ್ರೆಟರಿ ಪ್ರಕಾರ ಹಳೇ ಕೋಚ್ ಅವನಿಗೆ ಸಲಿಗೆ ಕೊಟ್ಟು ಕೆಡಿಸಿದ್ದರು. ಹುಡುಗನನ್ನೇ ಕೇಳಿದರೆ, "ನೈಟ್ ಶಿಫ್ಟ್ ಅಣ್ಣಾ, ಎಲೆಕ್ಟ್ರಾನಿಕ್ ಸಿಟಿಯಿಂದ ಕ್ಯಾಬ್‌ನಲ್ಲಿ ಸೀದಾ ಗ್ರೌಂಡ್‌ಗೆ ಬರ್ತೀನಿ" ಅಂದ. ಹಳೇ ಕೋಚ್‌ಗೆ ಇದು ಗೊತ್ತಿತ್ತು. ಅವನಿಗಾಗಿ ಕಾರಿನಲ್ಲಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಇಟ್ಟುಕೊಂಡು ಬರುತ್ತಿದ್ದರಂತೆ, ಸ್ವಂತ ದುಡ್ಡಲ್ಲಿ. ನಾನು ಅವನನ್ನು ಎಪ್ಪತ್ತನೇ ನಿಮಿಷಕ್ಕೆ ಹೊರಗೆ ಕರೆಯಲು ಶುರುಮಾಡಿದೆ, ಯಾಕೆಂದರೆ ಆ ಹೊತ್ತಿಗೆ ಬೆಂಚ್‌ನಲ್ಲಿ ಇನ್ನೊಬ್ಬ ಸ್ಟಾಪರ್ ಗಾಯದಿಂದ ವಾಪಸ್ ಬಂದಿದ್ದ. ಹಳೇ ಕೋಚ್‌ಗೆ ಈ ಎರಡನೇ ಹುಡುಗ ಇರಲಿಲ್ಲ. ಒಂದೂ ಗೋಲು ಬಿಟ್ಟುಕೊಡದೆ ಕ್ಲೀನ್ ಶೀಟ್ ಬಂತು, ಹಾರ ನನ್ನ ಕೊರಳಿಗೆ ಬಿತ್ತು.

ರಾಷ್ಟ್ರೀಯ ತಂಡದ ಕೋಚ್‌ಗೆ ಇನ್ನೂ ಕಷ್ಟ, ಆಟಗಾರರು ಕೈಗೆ ಸಿಗುವುದೇ ಕೆಲವು ದಿನ. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಭಾರತ ತಂಡಕ್ಕೆ ಬಂದರು. ಮೊದಲ ಟೂರ್ನಿ, ಮಧ್ಯ ಏಷ್ಯಾ ಫುಟ್‌ಬಾಲ್ ಸಂಸ್ಥೆಯ ಕಾಫಾ ನೇಷನ್ಸ್ ಕಪ್‌ನಲ್ಲೇ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ. ಎಲ್ಲ ಬದಲಾಯಿತು ಅಂತ ಎಲ್ಲ ಕಡೆ ಸಂಭ್ರಮ. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರಕ್ಕೆ 2-1ರಿಂದ ಸೋತು ಏಷ್ಯನ್ ಕಪ್ ಕನಸು ಮುಗಿಯಿತು. ಸಂಭ್ರಮವೂ ಅವಸರದ್ದು, ಆಮೇಲಿನ ಬೈಗುಳವೂ ಅವಸರದ್ದು.

ನಾನು ಕೋಚ್ ಬದಲಾಯಿಸಲೇಬೇಡಿ ಅನ್ನುವವನಲ್ಲ. ಡ್ರೆಸ್ಸಿಂಗ್ ರೂಮ್‌ನಲ್ಲಿ ಯಾರೂ ಮುಖ ನೋಡಿ ಮಾತಾಡದ ಸ್ಥಿತಿ ಬಂದಿದ್ದರೆ ಬದಲಾಯಿಸಲೇಬೇಕು. ಆದರೆ ಹೊಸಬರು ಬಂದು ಮೂರು ಮ್ಯಾಚ್ ಗೆದ್ದ ತಕ್ಷಣ ಮೂರು ವರ್ಷದ ಕಾಂಟ್ರಾಕ್ಟ್ ಬರೆಯಬೇಡಿ. ಯಾರ ಎದುರು ಗೆದ್ದರು ನೋಡಿ. ಗೋಲಿಗೆ ಎಷ್ಟು ಸಲ ಹತ್ತಿರ ಹೋದರು, ಎಷ್ಟು ಸಲ ಬಿಟ್ಟುಕೊಟ್ಟರು ಅಂತ ಒಬ್ಬ ಹುಡುಗನನ್ನು ಕೂರಿಸಿ ಬರೆಸಿ. ಸೀಸನ್ ಮುಗಿಯಲಿ, ಆಮೇಲೆ ಸಹಿ ಹಾಕಿ. ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಕ್ಲಬ್‌ಗೇ ಅಷ್ಟು ತಾಳ್ಮೆ ಇರಲಿಲ್ಲ. 2018ರ ಡಿಸೆಂಬರ್‌ನಲ್ಲಿ ತಾತ್ಕಾಲಿಕ ಕೋಚ್ ಆಗಿ ಬಂದ ಸೋಲ್ಷೇರ್ ಮೊದಲ ಎಂಟು ಮ್ಯಾಚ್ ಗೆದ್ದರು, ಮಾರ್ಚ್ ಕೊನೆಗೆ ಕಾಯಂ ಮಾಡಿದರು. ಆ ಸೀಸನ್‌ನಲ್ಲಿ ಉಳಿದಿದ್ದು 10 ಮ್ಯಾಚ್. ಗೆದ್ದಿದ್ದು ಎರಡು. ಕೊನೆಯದನ್ನು ಸ್ವಂತ ಮೈದಾನದಲ್ಲಿ 0-2ರಿಂದ ಸೋತರು, ಅದೂ ಆಗಲೇ ರಿಲಿಗೇಟ್ ಆಗಿದ್ದ ಕಾರ್ಡಿಫ್‌ಗೆ.